ಕುದಿಯುವ ಸರೋವರಕ್ಕೆ ಒಂದು ಹಗಲಿನ ದಾರಿ: ಡೊಮಿನಿಕಾದ ಮಳೆಕಾಡಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರವಾಸ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಆರು ಪತ್ರಗಳು ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪವನ್ನೇ ಕುರಿತು ಇದ್ದುದರಿಂದ, ಉಳಿದವುಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವುಗಳಿಗೆ ಮಾತ್ರ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನಗೂ ನನ್ನ ಪತ್ನಿಗೂ ವಯಸ್ಸು ಐವತ್ತರ ಆಸುಪಾಸು. ವರ್ಷಕ್ಕೆ ಎರಡು ಬಾರಿಯಾದರೂ ಬೆಟ್ಟ ಹತ್ತುವ ರೂಢಿ ಇಟ್ಟುಕೊಂಡಿದ್ದೇವೆ. ಬರುವ ಫೆಬ್ರವರಿಯಲ್ಲಿ ಡೊಮಿನಿಕಾದಲ್ಲಿ ಮೂರು ದಿನ ಇರಲಿದ್ದು, ಅದರಲ್ಲಿ ಒಂದು ಪೂರ್ತಿ ದಿನವನ್ನು ಮಳೆಕಾಡಿನ ಚಾರಣಕ್ಕೆಂದು ಎತ್ತಿಟ್ಟಿದ್ದೇವೆ. ‘ಬಾಯ್ಲಿಂಗ್ ಲೇಕ್’ ಎಂಬ ಕುದಿಯುವ ಸರೋವರವನ್ನು ನೋಡಿ ಅದೇ ದಿನ ಹಿಂದಿರುಗಬಹುದೇ? ದಾರಿ ಹೇಗಿರುತ್ತದೆ? ಮಾರ್ಗದರ್ಶಿ ಬೇಕೇ?

ಉತ್ತರ: ಹಿಂದಿರುಗಬಹುದು. ಆದರೆ ಈ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಲು ಹೋಗಬೇಡಿ. ನಕ್ಷೆಯಲ್ಲಿ ಸರೋವರವು ರಾಜಧಾನಿ ರೋಜೋದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ಕಾಣುತ್ತದೆ. ನಡಿಗೆಯೂ ಹೋಗಿ ಬರಲು ಸುಮಾರು 13 ಕಿಲೋಮೀಟರ್ ಅಷ್ಟೇ. ಬಯಲಿನಲ್ಲಾದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ದೂರ ಅದು. ಇಲ್ಲಿ ಮಾತ್ರ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ಹಿಡಿಯುತ್ತದೆ. ಮಳೆ ಸುರಿದರೆ ಅದರ ಮೇಲೆ ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು. ಫೆಬ್ರವರಿಯಲ್ಲಿ ಅಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ ಮತ್ತು ದಟ್ಟ ಮರಗಳ ಕೆಳಗೆ ಕತ್ತಲು ಅದಕ್ಕಿಂತ ಮೊದಲೇ ಇಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರೊಳಗೆ ಕಾಡಿನೊಳಗೆ ಕಾಲಿಟ್ಟಿರಬೇಕು, ಮತ್ತು ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು.

ಚಾರಣ ಶುರುವಾಗುವುದು ರೋಜೋದ ಮೇಲಿನ ಬೆಟ್ಟದ ಲೌಡಾ ಎಂಬ ಸಣ್ಣ ಹಳ್ಳಿಯ ಬಳಿ, ಟಿಟೂ ಎಂಬ ಕಿರುಕಮರಿಯ ಬಾಯಿಯಲ್ಲಿ. ಅಲ್ಲಿಂದ ಮುಂದಿನದೆಲ್ಲ ಮಾರ್ನ್ ಟ್ವಾ ಪಿಟಾನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ‘ಮಾರ್ನ್’ ಎಂದರೆ ಈ ದ್ವೀಪಗಳ ಫ್ರೆಂಚ್ ಬೆರೆತ ಕ್ರಿಯೋಲ್ ಮಾತಿನಲ್ಲಿ ಬೆಟ್ಟ ಎಂದರ್ಥ. ಹಾಗಾಗಿ ದ್ವೀಪದ ಅರ್ಧದಷ್ಟು ಸ್ಥಳನಾಮಗಳು ಈ ಪದದಿಂದಲೇ ಶುರುವಾಗುವಂತೆ ತೋರಿದರೆ ಆಶ್ಚರ್ಯಪಡಬೇಕಿಲ್ಲ.

ಮೊದಲ ಒಂದು ಗಂಟೆ ನಿಮ್ಮನ್ನು ಹುರಿದುಂಬಿಸುವಂಥದ್ದು. ಏರು ಹಿತವಾಗಿರುತ್ತದೆ, ಕಾಲ್ದಾರಿಯ ಬಹುಭಾಗದಲ್ಲಿ ಮರದ ತುಂಡುಗಳನ್ನು ಅಡ್ಡಲಾಗಿ ಹೂತು ಮೆಟ್ಟಿಲು ಮಾಡಿರುತ್ತಾರೆ, ಮತ್ತು ತಲೆಯ ಮೇಲೆ ನಿಜವಾದ ಮಳೆಕಾಡು ಇರುತ್ತದೆ. ಇಲ್ಲಿ ಎರಡು ಮರಗಳನ್ನು ಗುರುತಿಸಲು ಕಲಿಯಿರಿ. ಒಂದು ಗೊಮಿಯೇ: ಇದರ ತೊಗಟೆಯಿಂದ ಬಿಳಿಯ, ಪರಿಮಳದ ಅಂಟು ಒಸರುತ್ತದೆ, ದ್ವೀಪದ ಮೂಲನಿವಾಸಿಗಳಾದ ಕಲಿನಾಗೊ ಜನರು ಇದರ ಒಂದೇ ದಿಮ್ಮಿಯನ್ನು ಕೊರೆದು ದೋಣಿ ಮಾಡುತ್ತ ಬಂದಿದ್ದಾರೆ. ಇನ್ನೊಂದು ಶತಾನಿಯೇ: ಬುಡದಲ್ಲಿ ಆಳೆತ್ತರದ ಹಲಗೆಗಳನ್ನು ನಿಲ್ಲಿಸಿದಂತೆ ಸುತ್ತಲೂ ಚಾಚಿದ ಬೇರುಗಳಿಂದ ಇದನ್ನು ದೂರದಿಂದಲೇ ತಿಳಿಯಬಹುದು. ಮೇಲ್ಮಣ್ಣು ತೆಳುವಾಗಿದ್ದು ಸದಾ ನೆನೆದಿರುವ ಇಳಿಜಾರಿನಲ್ಲಿ ಬೇರು ಆಳಕ್ಕೆ ಇಳಿಯುವುದು ಕಷ್ಟವಾದ್ದರಿಂದ, ಅಷ್ಟು ದೊಡ್ಡ ಮರವನ್ನು ಬೀಳದಂತೆ ಹಿಡಿದಿಡುವ ಕೆಲಸವನ್ನು ಈ ಹಲಗೆಬೇರುಗಳು ಮಾಡುತ್ತವೆ.

ಒಂದು ಗಂಟೆಯ ಹೊತ್ತಿಗೆ ‘ಬ್ರೇಕ್‌ಫಾಸ್ಟ್ ರಿವರ್’ ಎಂಬ ಹೊಳೆ ಸಿಗುತ್ತದೆ. ಹೆಸರೇ ಹೇಳುವಂತೆ ಚಾರಣಿಗರು ಬುತ್ತಿ ಬಿಚ್ಚುವ ಜಾಗ ಅದು. ಅದನ್ನು ದಾಟಿದ ಮೇಲೆ ದಾರಿಯ ಸ್ವಭಾವವೇ ಬದಲಾಗುತ್ತದೆ. ಮುಂದಿನ ಏರು ಮಾರ್ನ್ ನಿಕೋಲ್ಸ್‌ನದು. ಸುಮಾರು 900 ಮೀಟರ್ ಎತ್ತರದ ಈ ಬೆಟ್ಟವನ್ನು ಹತ್ತುತ್ತಾ ಹೋದಂತೆ ಮರಗಳು ಗಿಡ್ಡವಾಗುತ್ತವೆ, ಕೊಂಬೆಗಳು ತಿರುಚಿಕೊಳ್ಳುತ್ತವೆ, ಕಾಂಡಗಳಿಗೆ ಪಾಚಿಯ ಅಂಗಿ ತೊಡಿಸಿದಂತೆ ಕಾಣುತ್ತದೆ. ಮೋಡ ಮತ್ತು ಗಾಳಿಯ ನಡುವೆ ಬೆಳೆದ ಕುಬ್ಜ ಕಾಡು ಇದು. ಮೇಲೆ ತಲುಪಿದಾಗ ಮೋಡ ಸರಿದಿದ್ದರೆ ದೂರದಲ್ಲಿ ಸರೋವರದ ಹಬೆ ಮೇಲೇಳುವುದು ಕಾಣಿಸುತ್ತದೆ. ‘ಇನ್ನೇನು ಬಂದೇಬಿಟ್ಟೆವು’ ಎಂದು ಎಲ್ಲರಿಗೂ ಅನಿಸುವುದು ಇಲ್ಲಿಯೇ, ಹಾಗೆಂದುಕೊಂಡ ಎಲ್ಲರೂ ತಪ್ಪುವುದೂ ಇಲ್ಲಿಯೇ. ಅಲ್ಲಿಂದ ಮುಂದೆ ಕಡಿದಾದ ಇಳಿಜಾರು. ಕೈಯನ್ನೂ ನೆಲಕ್ಕೆ ಊರಿ ಇಳಿಯಬೇಕಾದ, ಜಾರುವ ಇಳಿಜಾರು. ದಿನದ ಅತ್ಯಂತ ಕಷ್ಟದ ಭಾಗ ಯಾವುದು ಎಂದು ಕೇಳಿದರೆ, ಸಂಜೆ ದಣಿದ ಕಾಲಿನಲ್ಲಿ ಇದೇ ಇಳಿಜಾರನ್ನು ಮತ್ತೆ ಹತ್ತುವುದು ಎಂಬುದೇ ನನ್ನ ಉತ್ತರ.

ಇಳಿದ ಮೇಲೆ ಕಾಡು ಹಠಾತ್ತನೆ ಮುಗಿಯುತ್ತದೆ. ಎದುರಿಗಿರುವುದು ‘ವ್ಯಾಲಿ ಆಫ್ ಡೆಸೊಲೇಷನ್’, ಎಂದರೆ ಪಾಳುಕಣಿವೆ. ಅಲ್ಲಿನ ಗಂಧಕದ ಹಬೆಗೆ ಮರಗಳು ನಿಲ್ಲುವುದಿಲ್ಲ; ಪಾಚಿ, ಕೆಲವು ಹುಲ್ಲು, ಕುರುಚಲು ಗಿಡಗಳು ಮಾತ್ರ ಹೇಗೋ ಜೀವ ಹಿಡಿದಿವೆ. ನೆಲದ ಬಿರುಕುಗಳಿಂದ ಹಬೆ ಬುಸುಗುಡುತ್ತದೆ, ಕೆಸರಿನ ಗುಂಡಿಗಳು ಅಂಬಲಿಯಂತೆ ಕೊತಕೊತನೆ ಕುದಿಯುತ್ತವೆ, ತೊರೆಗಳು ಒಂದು ಕಡೆ ಹಾಲಿನ ಬಿಳುಪು, ಇನ್ನೊಂದು ಕಡೆ ಮಸಿಯ ಕಪ್ಪು, ಮತ್ತೊಂದು ಕಡೆ ಹಳದಿ ಕಲ್ಲುಗಳ ಮೇಲೆ ಹರಿಯುತ್ತವೆ. ಮಾರ್ಗದರ್ಶಿಗಳು ಇಲ್ಲಿಯ ಬಿಸಿನೀರಿನಲ್ಲಿ ಮೊಟ್ಟೆ ಬೇಯಿಸಿ ಕೊಡುವುದುಂಟು. ಕಣಿವೆ ದಾಟಿ ಇನ್ನೂ ಅರ್ಧ ಗಂಟೆಗೂ ಹೆಚ್ಚು ನಡೆದರೆ ಸರೋವರದ ಅಂಚು.

ಈಗ ಮಾರ್ಗದರ್ಶಿಯ ವಿಷಯ. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವೇ ಇಲ್ಲ: ಪ್ರಮಾಣಪತ್ರ ಪಡೆದ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಈ ದಾರಿಗೆ ಇಳಿಯಬೇಡಿ. ಕಾಡಿನಲ್ಲಿ ದಾರಿ ತಪ್ಪುವ ಭಯಕ್ಕಿಂತ ಹೆಚ್ಚಾಗಿ ಪಾಳುಕಣಿವೆಗಾಗಿ ಅವರು ಬೇಕು. ಅಲ್ಲಿ ಗಟ್ಟಿಯಾಗಿ ಕಾಣುವ ನೆಲ ಕೆಲವೆಡೆ ತೆಳುವಾದ ಹೊದಿಕೆ ಮಾತ್ರ; ಅದರ ಕೆಳಗೆ ಕುದಿನೀರು ಅಥವಾ ಬಿಸಿ ಕೆಸರು ಇರುತ್ತದೆ. ಹಬೆಯ ಬಾಯಿಗಳು ಜಾಗ ಬದಲಿಸುವುದರಿಂದ ಹೋದ ವರ್ಷದ ದಾರಿ ಈ ವರ್ಷದ ದಾರಿಯಾಗಿರಬೇಕೆಂದಿಲ್ಲ. ಮಾರ್ಗದರ್ಶಿ ಹೆಜ್ಜೆ ಇಟ್ಟಲ್ಲೇ ನಿಮ್ಮ ಹೆಜ್ಜೆಯನ್ನೂ ಇಡಿ. ಒಳ್ಳೆಯ ಚಿತ್ರ ಸಿಗುತ್ತದೆಂದು ಎರಡು ಮಾರು ಪಕ್ಕಕ್ಕೆ ಸರಿಯಬೇಡಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜಾರದ ಅಡಿಯುಳ್ಳ, ಪಾದದ ಗೆಣ್ಣನ್ನು ಹಿಡಿದಿಡುವ ಬೂಟು, ಒದ್ದೆಯಾದರೂ ಬೇಗ ಒಣಗುವ ಬಟ್ಟೆ, ತಲಾ ಎರಡು ಲೀಟರಿಗೆ ಕಡಿಮೆಯಿಲ್ಲದ ನೀರು ಮತ್ತು ಬುತ್ತಿ ಸಾಕು. ಬ್ರೇಕ್‌ಫಾಸ್ಟ್ ಹೊಳೆಯ ಆಚೆ ಸಿಗುವ ತೊರೆಗಳಲ್ಲಿ ಗಂಧಕ ಮತ್ತು ಖನಿಜಗಳು ಬೆರೆತಿರುವುದರಿಂದ ನೀರನ್ನು ಅಲ್ಲಿ ತುಂಬಿಕೊಳ್ಳಬಹುದೆಂಬ ಲೆಕ್ಕಾಚಾರ ಬೇಡ. ಜೀನ್ಸ್ ಪ್ಯಾಂಟನ್ನು ಹೋಟೆಲಿನಲ್ಲೇ ಬಿಡಿ. ನೆನೆದ ಜೀನ್ಸಿನ ಭಾರವನ್ನು ಎರಡು ಬೆಟ್ಟಗಳ ಮೇಲೆ ಹೊರುವ ಅಗತ್ಯವಿಲ್ಲ. ಹಿಂದಿರುಗಿದಾಗ ಮೈಯಲ್ಲಿ ಕಸುವು ಉಳಿದಿದ್ದರೆ ಟಿಟೂ ಕಮರಿಯ ತಣ್ಣೀರಿಗೆ ಇಳಿಯಬಹುದು: ಎರಡು ಬಂಡೆಗೋಡೆಗಳ ನಡುವಿನ ಕಿರಿದಾದ, ಅರೆಗತ್ತಲೆಯ ನೀರಿನಲ್ಲಿ ಈಜಿಕೊಂಡು ಹೋದರೆ ಕೊನೆಯಲ್ಲಿ ಒಂದು ಜಲಪಾತವಿದೆ. ಆದರೆ ಮೇಲೆಲ್ಲಾದರೂ ಜೋರು ಮಳೆಯಾಗಿದ್ದರೆ ಆ ಆಸೆಯನ್ನು ಬಿಡಬೇಕು, ಏಕೆಂದರೆ ಕಮರಿಯಲ್ಲಿ ನೀರು ಏರಿದರೆ ಪಕ್ಕಕ್ಕೆ ಹತ್ತಿಕೊಳ್ಳಲು ಜಾಗವಿಲ್ಲ.

ಪ್ರಶ್ನೆ: ನಾವು ಬರುವುದು ಕ್ರೂಸ್ ಹಡಗಿನಲ್ಲಿ. ರೋಜೋ ಬಂದರಿನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಸಮಯವಿದೆ. ಅಷ್ಟರಲ್ಲಿ ಕುದಿಯುವ ಸರೋವರವನ್ನು ಮುಗಿಸಬಹುದೇ?

ಉತ್ತರ: ಬೇಡ. ಹಡಗಿನಿಂದ ಇಳಿದು, ವಾಹನ ಹಿಡಿದು, ಲೌಡಾ ಸೇರುವ ಹೊತ್ತಿಗೆ ಒಂಬತ್ತು ಕಳೆದಿರುತ್ತದೆ, ಮತ್ತು ನಿಮ್ಮ ಮನಸ್ಸು ದಿನವಿಡೀ ಗಡಿಯಾರದ ಮೇಲಿರುತ್ತದೆ. ಜಾರುವ ಇಳಿಜಾರಿನಲ್ಲಿ ಆತುರದಿಂದ ನಡೆಯುವುದಕ್ಕಿಂತ ಅಪಾಯಕಾರಿ ಇನ್ನೊಂದಿಲ್ಲ. ಅದೇ ಸಮಯದಲ್ಲಿ ಮಿಡಲ್‌ಹ್ಯಾಮ್ ಜಲಪಾತಕ್ಕೆ ನಿಶ್ಚಿಂತೆಯಿಂದ ಹೋಗಿ ಬರಬಹುದು. ಒಂದು ಬದಿಗೆ ಒಂದು ಗಂಟೆಗಿಂತ ತುಸು ಹೆಚ್ಚಿನ ನಡಿಗೆ, ದಾರಿಯುದ್ದಕ್ಕೂ ಒಳ್ಳೆಯ ಮಳೆಕಾಡು, ಕೊನೆಯಲ್ಲಿ ದ್ವೀಪದ ಅತಿ ಎತ್ತರದ ಜಲಪಾತಗಳಲ್ಲಿ ಒಂದು. ಕಾಡನ್ನು ಕಾಣುವುದೇ ಉದ್ದೇಶವಾದರೆ ನಿಮಗೆ ಇದರಲ್ಲಿ ಕೊರತೆಯೇನೂ ಆಗದು.

ಪ್ರಶ್ನೆ: ಸರೋವರ ಕುದಿಯುವುದು ಏಕೆ? ಅದು ಯಾವಾಗಲೂ ಕುದಿಯುತ್ತಲೇ ಇರುತ್ತದೆಯೇ? ಅದರ ಅಂಚಿನಲ್ಲಿ ನಿಲ್ಲುವುದು ಸುರಕ್ಷಿತವೇ?

ಉತ್ತರ: ಇದನ್ನು ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ಕೆರೆ ಎನ್ನುವುದಕ್ಕಿಂತ, ನೀರು ತುಂಬಿಕೊಂಡ ಹಬೆಬಾಯಿ ಎನ್ನುವುದು ಸರಿ. ಸುಮಾರು 60ರಿಂದ 75 ಮೀಟರ್ ಅಗಲದ ಈ ಗುಂಡಿಗೆ ಮಳೆಯ ನೀರು ಮತ್ತು ಸಣ್ಣ ತೊರೆಗಳ ನೀರು ಬಂದು ಬೀಳುತ್ತದೆ. ಕೆಳಗೆ ಆಳದಲ್ಲಿರುವ ಕರಗಿದ ಶಿಲೆಯ ಕಾವಿನಿಂದ ಹುಟ್ಟಿದ ಹಬೆ ಮತ್ತು ಅನಿಲಗಳು ತಳದಿಂದ ನುಗ್ಗಿ ಆ ನೀರನ್ನು ಕಲಕುತ್ತವೆ. ನಡುವಿನ ಬೂದು ನೀಲಿ ನೀರು ಉಕ್ಕುವುದನ್ನು ಕಾಣಬಹುದು. 1870ರ ದಶಕದಲ್ಲಿ ಈ ಸರೋವರದ ಮಾಹಿತಿ ಹೊರಜಗತ್ತಿಗೆ ತಲುಪಿತು. 1875ರಲ್ಲಿ ಅಲ್ಲಿಗೆ ಹೋದ ತಂಡವೊಂದು ಅಂಚಿನ ನೀರಿನ ಉಷ್ಣತೆಯನ್ನು ಅಳೆದಾಗ ಅದು 82ರಿಂದ 91.5 ಡಿಗ್ರಿ ಸೆಲ್ಸಿಯಸ್ ಇತ್ತು. ನಡುಭಾಗಕ್ಕೆ ಹೋಗಿ ಅಳೆಯುವ ಸಾಹಸ ಯಾರಿಗೂ ಬೇಡವಾಗಿದ್ದುದು ಸಹಜವೇ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಬಿಸಿನೀರಿನ ಸರೋವರವೆಂದರೆ ನ್ಯೂಜಿಲೆಂಡಿನ ವೈಮಾಂಗು ಕಣಿವೆಯ ‘ಫ್ರೈಯಿಂಗ್ ಪ್ಯಾನ್ ಲೇಕ್’ ಒಂದೇ.

ನಿಮ್ಮ ಎರಡನೆಯ ಪ್ರಶ್ನೆ ಸೊಗಸಾದದ್ದು, ಏಕೆಂದರೆ ಸರೋವರ ಯಾವಾಗಲೂ ಕುದಿಯುವುದಿಲ್ಲ. ಕೆಲವೊಮ್ಮೆ ಅಲ್ಲಿ ಸರೋವರವೇ ಇರುವುದಿಲ್ಲ. ಅದರ ನೀರು ಸುತ್ತಲಿನ ಅಂತರ್ಜಲದ ಮಟ್ಟಕ್ಕಿಂತ ಮೇಲೆ ನಿಂತಿದೆ. ತಳದಿಂದ ಮೇಲೇಳುವ ಹಬೆಯ ಒತ್ತಡವೇ ಆ ನೀರನ್ನು ಎತ್ತಿ ಹಿಡಿದಿದೆ ಎಂಬುದು ಅಧ್ಯಯನಕಾರರ ವಿವರಣೆ. ಹಬೆಯ ಪೂರೈಕೆಗೆ ತಡೆಯಾದರೆ ನೀರು ಕೆಳಗೆ ಸೋರಿಹೋಗುತ್ತದೆ, ಕುದಿತ ನಿಲ್ಲುತ್ತದೆ. ಮತ್ತೆ ಹಬೆ ದಾರಿ ಮಾಡಿಕೊಂಡಾಗ ಸರೋವರ ಮೊದಲಿನಂತಾಗುತ್ತದೆ. 2004ರ ಕೊನೆಯಿಂದ 2005ರ ಮೊದಲ ತಿಂಗಳುಗಳವರೆಗೆ ಹೀಗೆಯೇ ಬತ್ತಿ, ಮತ್ತೆ ತುಂಬಿತು. ಆದ್ದರಿಂದ ಹೊರಡುವ ಹಿಂದಿನ ದಿನ ಮಾರ್ಗದರ್ಶಿಯನ್ನು ‘ಸರೋವರ ಹೇಗಿದೆ’ ಎಂದು ಕೇಳುವುದು ಹುಚ್ಚು ಪ್ರಶ್ನೆಯೇನಲ್ಲ.

ಸುರಕ್ಷತೆಯ ಬಗ್ಗೆ: ನೀರಿನಿಂದ ದೂರವಾಗಿ, ಎತ್ತರದ ಅಂಚಿನಲ್ಲಿ ನಿಂತು ನೋಡಬೇಕು. ಹಬೆ ದಟ್ಟವಾಗಿದ್ದರೆ ಕಾಯಬೇಕು. ಗಾಳಿ ಬೀಸಿ ತೆರೆ ಸರಿಸಿದಾಗ ಕೆಲವು ಕ್ಷಣ ಎಲ್ಲವೂ ಕಾಣುತ್ತದೆ. ನೀರು ಇಳಿದಿರುವ ಸಮಯದಲ್ಲಂತೂ ಗುಂಡಿಯೊಳಗೆ ಇಳಿಯಲೇಬಾರದು. 1901ರಲ್ಲಿ ಅಲ್ಲಿಂದ ಹೊರಟ ಅನಿಲಕ್ಕೆ ಸಿಲುಕಿ ಒಬ್ಬ ಪ್ರವಾಸಿಯೂ ಅವನ ಜೊತೆಗಿದ್ದ ಮಾರ್ಗದರ್ಶಿಯೂ ಸತ್ತರು. ಪಾಳುಕಣಿವೆಯಲ್ಲಿ 1880ರ ಜನವರಿಯಲ್ಲಿ ಹಬೆಯ ಸ್ಫೋಟವಾಗಿ ರೋಜೋ ಪಟ್ಟಣದ ಮೇಲೂ ಬೂದಿ ಬಿದ್ದಿತ್ತು; 1997ರಲ್ಲೂ ಒಂದು ಸಣ್ಣ ಸ್ಫೋಟವಾಯಿತು. ದಿನನಿತ್ಯದ ಅಪಾಯ ಇದಲ್ಲವಾದರೂ, ನೀವು ನಡೆಯುತ್ತಿರುವುದು ಆರಿಹೋದ ಬೆಟ್ಟದ ಮೇಲಲ್ಲ ಎಂಬುದು ನೆನಪಿರಲಿ. ಈ ಸರೋವರದ ಕಡೆಗೆ ಕೇಬಲ್ ಕಾರ್ ಒಯ್ಯುವ ಯೋಜನೆಯನ್ನೂ ಅಲ್ಲಿನ ಸರ್ಕಾರ ಕೈಗೆತ್ತಿಕೊಂಡಿದೆ. ನಡೆಯಲಾಗದವರಿಗೆ ಅದರಿಂದ ಅನುಕೂಲವಾಗುವುದು ನಿಜ. ಆದರೂ ಮೂರು ಗಂಟೆ ಕಾಡಿನಲ್ಲಿ ನೆನೆದು ಬಂದವನ ಕಣ್ಣಿಗೆ ಆ ಹಬೆ ಕಾಣುವ ರೀತಿಯೇ ಬೇರೆ ಎಂದು ನನ್ನಂಥ ಹಳಬರು ಗೊಣಗುತ್ತಲೇ ಇರುತ್ತೇವೆ.

ಪ್ರಶ್ನೆ: ಕಾಡೆಂದರೆ ನನಗೆ ಮೊದಲು ನೆನಪಾಗುವುದು ಇಂಬಳ ಮತ್ತು ಹಾವು. ಅಲ್ಲಿ ಎಷ್ಟಿವೆ?

ಉತ್ತರ: ನಿಮ್ಮ ಎರಡೂ ಭಯಗಳಿಗೆ ಅಲ್ಲಿ ಅವಕಾಶವಿಲ್ಲ. ಎಲೆಯ ತುದಿಯಲ್ಲಿ ನಿಂತು ಕಾಲಿಗೆ ಹತ್ತುವ ನೆಲದ ಇಂಬಳಗಳು ಏಷ್ಯಾದ ಮಳೆಕಾಡುಗಳ ಜೀವಿಗಳು. ಕೆರಿಬಿಯನ್ ದ್ವೀಪಗಳಲ್ಲಿ ಅವುಗಳ ಕಾಟವಿಲ್ಲ. ಡೊಮಿನಿಕಾದಲ್ಲಿ ಹಾವುಗಳಿವೆ, ಆದರೆ ಮನುಷ್ಯನ ಜೀವಕ್ಕೆ ಕುತ್ತು ತರುವ ವಿಷದ ಹಾವಿಲ್ಲ. ಅಲ್ಲಿನ ದೊಡ್ಡ ಹಾವು ಒಂದು ಬಗೆಯ ಬೋವಾ. ಅದರ ತಲೆಯ ಆಕಾರ ನೋಡಿ ಜನ ಅದಕ್ಕೆ ‘ನಾಯಿತಲೆ’ ಎಂಬರ್ಥದ ‘ತೆತ್ ಷೆಂ’ ಎಂಬ ಹೆಸರಿಟ್ಟಿದ್ದಾರೆ. ದಕ್ಷಿಣದ ನೆರೆಯ ಮಾರ್ಟಿನಿಕ್ ದ್ವೀಪದಲ್ಲಿ ವಿಷಕಾರಿ ಮಂಡಲದ ಜಾತಿಯ ಹಾವಿದೆ ಎಂಬುದನ್ನು ನೋಡಿದರೆ ಡೊಮಿನಿಕಾದ ಚಾರಣಿಗರು ಅದೃಷ್ಟವಂತರು. ಸೊಳ್ಳೆಗಳಿಂದ ಡೆಂಗಿ ಬರಬಹುದಾದ್ದರಿಂದ ಸೊಳ್ಳೆ ಮುಲಾಮು ಹಚ್ಚಿಕೊಳ್ಳಿ. ದಾರಿಬದಿಯ ಕತ್ತಿಹುಲ್ಲು ಚರ್ಮ ಕೊಯ್ಯುತ್ತದೆ; ಜಾರಿದಾಗ ಅದನ್ನು ಹಿಡಿಯದೆ ಮರವನ್ನೇ ಹಿಡಿಯಿರಿ.

ಪ್ರಶ್ನೆ: 2017ರ ಚಂಡಮಾರುತದಲ್ಲಿ ಈ ದ್ವೀಪದ ಕಾಡೆಲ್ಲ ನಾಶವಾಯಿತೆಂದು ಓದಿದ ನೆನಪು. ಈಗ ಹೋದರೆ ನೋಡಲು ಏನಾದರೂ ಉಳಿದಿದೆಯೇ? ಧ್ವಜದ ಮೇಲಿರುವ ಗಿಣಿ ಕಾಣಸಿಗುತ್ತದೆಯೇ?

ಉತ್ತರ: 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತವು ಐದನೆಯ ಶ್ರೇಣಿಯ ಬಿರುಸಿನಲ್ಲಿ, ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚು ವೇಗದ ಗಾಳಿಯೊಂದಿಗೆ ದ್ವೀಪದ ಮೇಲೆ ನೇರವಾಗಿ ಹಾದುಹೋಯಿತು. ಮರುದಿನ ಬೆಟ್ಟಗಳಲ್ಲಿ ಹಸಿರು ಇರಲಿಲ್ಲ. ಬೆಂಕಿ ಬಿದ್ದಂತೆ ಕಂದು ಬಣ್ಣದ, ಎಲೆಯಿಲ್ಲದ ಕಾಂಡಗಳು ಮಾತ್ರ ನಿಂತಿದ್ದವು. ಆದರೆ ಎಲೆ ಉದುರಿದ ಮರವೆಲ್ಲ ಸತ್ತ ಮರವಲ್ಲ. ಈ ಕಾಡು ಇಂಥ ಗಾಳಿಯೊಡನೆ ಬಾಳಿ ಬೆಳೆದದ್ದು. 1979ರಲ್ಲಿ ಡೇವಿಡ್ ಚಂಡಮಾರುತವೂ ಹೀಗೆಯೇ ಬೋಳಿಸಿ ಹೋಗಿತ್ತು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಸಮುದ್ರದ ತೇವವನ್ನು ಹೊತ್ತು ತಂದು ಈ ಕಡಿದಾದ ಬೆಟ್ಟಗಳಿಗೆ ತಾಗಿ ಮೇಲೇರಿ ತಣ್ಣಗಾಗುವುದರಿಂದ, ಒಳನಾಡಿನ ಎತ್ತರದ ಜಾಗಗಳಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ನೀರು, ಜ್ವಾಲಾಮುಖಿಯ ಮಣ್ಣು, ವರ್ಷವಿಡೀ ಬೆಚ್ಚಗಿನ ಹವೆ ಇರುವಲ್ಲಿ ಚಿಗುರಿಗೆ ತಡವಾಗುವುದಿಲ್ಲ.

ಈಗ ಹೋದವರಿಗೆ ಕಾಡು ದಟ್ಟವಾಗಿಯೇ ಕಾಣುತ್ತದೆ. ವ್ಯತ್ಯಾಸ ಗೊತ್ತಾಗಬೇಕಾದರೆ ತಲೆಯೆತ್ತಿ ನೋಡಬೇಕು. ಮೇಲ್ಚಾವಣಿ ಹರಿದು ಬೆಳಕು ನೆಲಕ್ಕೆ ಬೀಳುವ ಕಡೆಗಳಲ್ಲಿ ಮರಜರಿಗಿಡಗಳೂ ಬಳ್ಳಿಗಳೂ ಬೇಗ ಬೆಳೆಯುವ ಮೆದುಮರಗಳೂ ಜಾಗ ಹಿಡಿದಿವೆ. ಹಳೆಯ ಗೊಮಿಯೇಗಳು ಉರುಳಿದ ಜಾಗವನ್ನು ಹೊಸ ಗೊಮಿಯೇಗಳು ತುಂಬಲು ಒಂದೆರಡು ತಲೆಮಾರುಗಳೇ ಬೇಕಾಗುತ್ತವೆ.

ಗಿಣಿಯ ಹೆಸರು ಸಿಸೆರೂ. ಕಡುನೇರಳೆ ಎದೆ, ಹಸಿರು ರೆಕ್ಕೆಯ ಈ ದೊಡ್ಡ ಗಿಣಿ ಜಗತ್ತಿನಲ್ಲಿ ಡೊಮಿನಿಕಾ ಬಿಟ್ಟು ಬೇರೆಲ್ಲೂ ಇಲ್ಲ. ನೇರಳೆ ಬಣ್ಣವಿರುವ ಬೆರಳೆಣಿಕೆಯ ರಾಷ್ಟ್ರಧ್ವಜಗಳಲ್ಲಿ ಈ ದೇಶದ ಧ್ವಜ ಸೇರಲು ಇದೇ ಕಾರಣ. ಮರಿಯಾ ನಂತರ ಇದು ತೀರಾ ವಿರಳವಾಗಿದೆ. ಕುದಿಯುವ ಸರೋವರದ ದಾರಿಯಲ್ಲಿ ಅದನ್ನು ಹುಡುಕಬೇಡಿ. ದ್ವೀಪದ ಉತ್ತರದಲ್ಲಿರುವ, 1,447 ಮೀಟರ್ ಎತ್ತರದ ಮಾರ್ನ್ ಡಯಾಬ್ಲೊಟಿನ್ ಬೆಟ್ಟದ ಸುತ್ತಲಿನ ಕಾಡು ಅದರ ನೆಲೆ. ಸಿಂಡಿಕೇಟ್ ಎಂಬಲ್ಲಿನ ಕಾಲ್ದಾರಿಯಲ್ಲಿ ಬೆಳಕು ಹರಿಯುವ ಮೊದಲೇ ಹೋಗಿ ಕುಳಿತರೆ ಅದರ ಚಿಕ್ಕ ದಾಯಾದಿಯಾದ ಜಾಕೋ ಗಿಣಿಯಾದರೂ ಕಂಡೀತು. ನಿಮ್ಮ ದಾರಿಯಲ್ಲಿ ಖಂಡಿತವಾಗಿ ಸಿಗುವುದು ಒಂದು ದನಿ: ಪೀಪಿಯ ಒಂದೇ ಸ್ವರವನ್ನು ಎಳೆದು ಬಿಟ್ಟಂತೆ ಮಂಜಿನೊಳಗಿಂದ ಕೇಳಿಸುವ ಆ ಸಿಳ್ಳೆಯ ಒಡೆಯನನ್ನು ಅಲ್ಲಿನವರು ‘ಬೆಟ್ಟದ ಸಿಳ್ಳೆಗಾರ’ ಎಂದು ಕರೆಯುತ್ತಾರೆ. ಹಕ್ಕಿ ಕಾಣಿಸಿಕೊಳ್ಳುವುದು ಅಪರೂಪ.

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವಿದೆ. ಅವರೂ ಮಳೆಕಾಡನ್ನು ನೋಡಬೇಕೆನ್ನುತ್ತಾರೆ. ಯಾವ ತಿಂಗಳಲ್ಲಿ, ಎಲ್ಲಿಗೆ ಕರೆದುಕೊಂಡು ಹೋಗಲಿ? ಅಲ್ಲಿಗೆ ತಲುಪುವುದು ಹೇಗೆ?

ಉತ್ತರ: ಮೊದಲು ತಲುಪುವ ವಿಷಯ. ಟಿಕೆಟ್ ಕೊಳ್ಳುವಾಗ ಡೊಮಿನಿಕಾ ಮತ್ತು ಡೊಮಿನಿಕನ್ ರಿಪಬ್ಲಿಕ್ ಬೇರೆ ಬೇರೆ ದೇಶಗಳೆಂಬುದನ್ನು ಎರಡು ಬಾರಿ ನೋಡಿಕೊಳ್ಳಿ. ಈ ಗೊಂದಲದಲ್ಲಿ ಜನರೂ ಸಾಮಾನುಗಳೂ ತಪ್ಪು ದ್ವೀಪ ಸೇರಿರುವುದುಂಟು. ವಿಮಾನ ನಿಲ್ದಾಣ ದ್ವೀಪದ ಈಶಾನ್ಯದಲ್ಲಿದ್ದು, ರೋಜೋಗೆ ಬೆಟ್ಟದ ತಿರುವುಗಳಲ್ಲಿ ಒಂದು ಗಂಟೆಗೂ ಹೆಚ್ಚಿನ ಪ್ರಯಾಣವಿದೆ. ಗ್ವಾಡಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳಿಂದ ಹಡಗಿನಲ್ಲೂ ಬರಬಹುದು. ಅಲ್ಲಿ ನಡೆಯುವುದು ಪೂರ್ವ ಕೆರಿಬಿಯನ್ ಡಾಲರ್, 2.70 ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬ ದರ 1976ರಿಂದ ಬದಲಾಗಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.

ತಾಯಿಯವರನ್ನು ಎಮರಾಲ್ಡ್ ಪೂಲ್‌ಗೆ ಕರೆದುಕೊಂಡು ಹೋಗಿ. ಅದೇ ರಾಷ್ಟ್ರೀಯ ಉದ್ಯಾನದ ಉತ್ತರದ ಅಂಚಿನಲ್ಲಿ, ವಾಹನ ನಿಲ್ಲುವ ಜಾಗದಿಂದ ಹದಿನೈದು ನಿಮಿಷದ ನಡಿಗೆ. ದಾರಿ ಸಮನಾಗಿ, ಚೊಕ್ಕವಾಗಿದೆ, ಕೊನೆಯ ಕೆಲವು ಮೆಟ್ಟಿಲುಗಳಲ್ಲಿ ಮಾತ್ರ ಕೈ ಹಿಡಿಯಬೇಕಾದೀತು. ಆದರೆ ಸುತ್ತಲಿನ ಮರಗಳು ಲೌಡಾದ ದಾರಿಯಲ್ಲಿ ಕಾಣುವ ಅದೇ ಮರಗಳು. ಕೊಳದ ಮೇಲೆ ಸಣ್ಣ ಜಲಪಾತ ಬೀಳುತ್ತದೆ, ಪಾಚಿ ಹಬ್ಬಿದ ಬಂಡೆಯ ನೆರಳು ನೀರಿಗೆ ಹಸಿರು ಬಣ್ಣ ಕೊಡುತ್ತದೆ. ರೋಜೋದಲ್ಲಿ ಕ್ರೂಸ್ ಹಡಗು ನಿಂತ ದಿನ ಅಲ್ಲಿ ಜನಜಂಗುಳಿ ಇರುತ್ತದೆ. ಹಡಗು ಇಲ್ಲದ ದಿನವನ್ನು ಕೇಳಿ ತಿಳಿದುಕೊಂಡು, ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಅವರು ನೀರಿನ ಬಳಿಯ ಕಲ್ಲಿನ ಮೇಲೆ ಕುಳಿತು ತಮಗೆ ಬೇಕಾದಷ್ಟು ಹೊತ್ತು ನೋಡಬಹುದು.